ಜೊತೆಗಾ, ಬದಲಿಗಾ?

ಅಪ್ಪನಿಗೆ ಲಕ್ವ ಹೊಡೆದ ಮೂರನೇ ದಿನಕ್ಕೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ 11 ಔಷಧ ಬಂದಿದ್ದವು. ಪಾರಿವಾಳದ ರಕ್ತ ತಿಕ್ಕಿಸಿ ಅಂದ್ರು ಚಿಕ್ಕಪ್ಪ. ಬೆಂಗಳೂರಿನ ನನ್ನ ಟೀಮ್‌ಮೇಟ್ ಒಬ್ಬ 21 ದಿನದ 'ವೆಲ್‌ನೆಸ್ ಪ್ಯಾಕೇಜ್' ಲಿಂಕ್ ಕಳಿಸಿದ. ಪಾರಿವಾಳಕ್ಕೆ ನಗಬೇಡಿ. ಎರಡೂ ಕಡೆಯವರು ಹೇಳಿದ್ದು ಒಂದೇ ಮಾತು: "ಇಂಗ್ಲಿಷ್ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ."

ನನ್ನ ಜಗಳ ಇರೋದು ಈ 'ನಿಲ್ಲಿಸಿ'ಯ ಮೇಲೆ. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ ಕೊಡೋದೇ ಇನ್ನೊಂದು ಸ್ಟ್ರೋಕ್ ಆಗದಿರಲಿ ಅಂತ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದಕ್ಕೆ ಸಾಮಾನ್ಯವಾಗಿ ಸಿಗೋ ಸಮಯ 4.5 ಗಂಟೆ. ಅಷ್ಟೊತ್ತು ಎಣ್ಣೆ ಕಾಯಿಸ್ತಾ ಕೂತರೆ ಆ ಅವಕಾಶ ಹೋಯ್ತು. ಸ್ಪರ್ಶ ಗೊತ್ತಾಗದ ಕೈಗೆ ಬಿಸಿ ಎಣ್ಣೆ ಹಚ್ಚಿದರೆ ಸುಟ್ಟಿದ್ದೂ ತಿಳಿಯಲ್ಲ. ಕತ್ತಿನ ನೆಟಿಗೆ ತೆಗೆಸಲು ಹೋಗಿ ರಕ್ತನಾಳ ಹರಿಯಬಹುದು.

ಹಾಗಂತ ಎಲ್ಲಾ ಮೋಸ ಅನ್ನೋ ಜಾಣರ ಕಡೆಗೂ ನಾನಿಲ್ಲ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತೆ. ನಮ್ಮ ಐದು ನಿಮಿಷದ ಓಪಿಡಿಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ರು. ಫಿನ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ತಿಂಗಳು ದಿನವೂ ಇಷ್ಟದ ಸಂಗೀತ ಕೇಳಿದ ರೋಗಿಗಳ ನೆನಪು, ಗಮನ ಕೇಳದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಖಿನ್ನತೆಯೂ ಕಡಿಮೆ ಇತ್ತು. ಅದನ್ನು ಓದಿ ನಾನು ಊರಿನ ಹಾರ್ಮೋನಿಯಂ ಮೇಷ್ಟ್ರನ್ನು ಕರೆದೆ. ಕುರುಕ್ಷೇತ್ರ ನಾಟಕದಲ್ಲಿ 20 ವರ್ಷ ಶಕುನಿ ಪಾತ್ರ ಮಾಡಿದ ಅಪ್ಪ, ಈಗ 'ನೀರು' ಅನ್ನೋಕೂ ಆಗದ ಅಪ್ಪ, ಎರಡು ಸಾಲು ಹಾಡಿದ್ರು! ಪವಾಡ ಅಲ್ಲ. ಬಹುತೇಕರಲ್ಲಿ ಮಾತು ಮಿದುಳಿನ ಎಡಭಾಗದ ಕೆಲಸ. ಹಾಡಿಗೆ ಬಲಭಾಗವೂ ಕೈಜೋಡಿಸುತ್ತೆ. ಸ್ಪೀಚ್ ಥೆರಪಿಯಲ್ಲೂ ರಾಗದ ಮೂಲಕ ಮಾತು ಕಲಿಸೋ ವಿಧಾನ ಇದೆ.

ಮಾತ್ರೆ ನಿಲ್ಲಲಿಲ್ಲ, ಬೆಳಗಿನ ಫಿಸಿಯೋಥೆರಪಿ ತಪ್ಪಲಿಲ್ಲ. ಡಾಕ್ಟರನ್ನು ಕೇಳಿಕೊಂಡೇ ಅಮ್ಮ ಸಂಜೆ ಉಗುರುಬೆಚ್ಚಗಿನ ಎಣ್ಣೆ ಹಚ್ಚೋರು. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಫಿಸಿಯೋ ಹುಡುಗ ಬಂದರೆ ಅಪ್ಪ ಈಗ ಗೋಡೆ ಕಡೆ ತಿರುಗಲ್ಲ, ಎದ್ದು ಕೂರ್ತಾರೆ.

ಯಾರೇ ಯಾವ ಥೆರಪಿ ಹೇಳಿದ್ರೂ ಒಂದೇ ಪ್ರಶ್ನೆ ಕೇಳಿ: ಜೊತೆಗಾ, ಬದಲಿಗಾ? ಬದಲಿಗೆ ಅಂದವರಿಗೆ ಬಾಗಿಲು ತೋರಿಸಿ. ಜೊತೆಗೆ ಅಂದವರ ವಿಷಯ ಡಾಕ್ಟರಿಗೆ ಹೇಳಿ, ಆಮೇಲೆ ಒಳಗೆ ಕರೀರಿ. ಮತ್ತೆ, ಊರಿಗೆ ಲಿಂಕ್ ಕಳಿಸೋ ಸ್ನೇಹಿತರೇ, ಒಂದು ವಾರ ರಜೆ ಹಾಕಿ ನೀವೇ ಹೋಗಿ. ಅಪ್ಪನ ಪಕ್ಕ ಕೂತು ಅವರಿಷ್ಟದ ಹಾಡು ಹಾಕೋದಕ್ಕೆ ಯಾವ ಪ್ಯಾಕೇಜೂ ಬೇಕಾಗಿಲ್ಲ.