ಉದ್ಯಾನದ ಸಂಗೀತವೂ ಪೌರರ ಹೊಣೆಯೂ

ಉಚಿತವಾಗಿ ದೊರೆಯುವ ವಸ್ತುವಿಗೆ ವೆಚ್ಚವೇ ಇಲ್ಲವೆಂದು ಭಾವಿಸುವುದು ನಮ್ಮ ಪಟ್ಟಣಗಳಲ್ಲಿ ಬೇರೂರಿರುವ ಒಂದು ಭ್ರಾಂತಿ. ಈ ಭ್ರಾಂತಿಯಿಂದಲೇ ಅನೇಕ ಸತ್ಕಾರ್ಯಗಳು ಒಂದೆರಡು ವರ್ಷ ಮೆರೆದು ಮರೆಯಾಗುತ್ತವೆ. ಸಾರ್ವಜನಿಕ ಉದ್ಯಾನಗಳಲ್ಲಿ ನಡೆಯುವ ವಾದ್ಯಗೋಷ್ಠಿಗಳ ಇತಿಹಾಸವು ಈ ವಿಷಯದಲ್ಲಿ ನಮಗೆ ಉತ್ತಮ ಪಾಠವಾಗಬಲ್ಲುದು.

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಅಲೆನ್‌ಟೌನ್ ನಗರದ ಬ್ಯಾಂಡು 1828ರಿಂದ ಇಂದಿನವರೆಗೆ ಬಾಳಿಬಂದಿದೆ. ಆ ದೇಶದ ನಾಗರಿಕ ವಾದ್ಯವೃಂದಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೆಸರಾಗಿದೆ. ಬೇಸಗೆಯ ಸಂಜೆಗಳಲ್ಲಿ ವೆಸ್ಟ್ ಪಾರ್ಕಿನಲ್ಲಿ ಅದು ನುಡಿಸುವಾಗ ಧನಿಕನೂ ಕೂಲಿಯವನೂ ಒಂದೇ ಹುಲ್ಲಿನ ಮೇಲೆ ಕುಳಿತು ಕೇಳಬಹುದು. ಚೀಟಿಯ ಮಾತೇ ಇಲ್ಲ. ಆಲ್ಬರ್ಟಸ್ ಮೇಯರ್ಸ್ ಎಂಬವರು 1926ರಿಂದ 1976ರವರೆಗೆ, ಅರ್ಧ ಶತಮಾನ ಕಾಲ, ಅದನ್ನು ನಡೆಸಿದರು. ನಗರವು ತನ್ನ ದೊಡ್ಡ ಸೇತುವೆಯೊಂದಕ್ಕೆ ಅವರ ಹೆಸರನ್ನಿಟ್ಟು ಋಣ ತೀರಿಸಿತು. ಮಂತ್ರಿಗಳ ಹೆಸರುಗಳಿಗಾಗಿಯೇ ಸೇತುವೆಗಳನ್ನು ಕಟ್ಟುವ ನಾವು ಇದನ್ನು ಗಮನಿಸಬೇಕು.

ನ್ಯೂಯಾರ್ಕಿನ ಗೋಲ್ಡ್‌ಮನ್ ಬ್ಯಾಂಡಿನ ಕಥೆ ಬೇರೆ. ಎಡ್ವಿನ್ ಫ್ರಾಂಕೊ ಗೋಲ್ಡ್‌ಮನ್ನರು 1918ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಬಯಲಿನಲ್ಲಿ ಆರಂಭಿಸಿದ ಬೇಸಗೆಯ ಗೋಷ್ಠಿಗಳು ಮುಂದೆ ಸೆಂಟ್ರಲ್ ಪಾರ್ಕಿಗೂ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೂ ಹಬ್ಬಿದುವು. ಗುಗೆನ್‌ಹೈಮ್ ಮನೆತನದವರು ದಶಕಗಳ ಕಾಲ ವೆಚ್ಚವನ್ನು ವಹಿಸಿಕೊಂಡು ಮಹದುಪಕಾರ ಮಾಡಿದರು. ಆದರೂ ಆ ವೃಂದವು 2005ರಲ್ಲಿ ನಿಂತುಹೋಯಿತು. ಅದರ ಅಳಿವಿಗೆ ಒಂದೇ ಕಾರಣವೆಂದು ನಾವು ಹೇಳಲಾರೆವು. ಆದರೆ ಊರಿನ ಸ್ವತ್ತನ್ನು ಒಂದು ಮನೆಯ ಔದಾರ್ಯಕ್ಕೆ ಒಪ್ಪಿಸಿ ಊರವರು ನಿಶ್ಚಿಂತರಾಗಿರುವುದು ಕ್ಷೇಮವಲ್ಲವೆಂಬುದು ಸ್ಪಷ್ಟ.

ಜೇಬಿನ ಯಂತ್ರದಲ್ಲಿಯೇ ಸಕಲ ಸಂಗೀತವೂ ದೊರೆಯುವಾಗ ಉದ್ಯಾನದ ವಾದ್ಯ ಏತಕ್ಕೆಂದು ಕೆಲವರು ಕೇಳಬಹುದು. ಈ ಪ್ರಶ್ನೆ ಹೊಸದಲ್ಲ. ಗ್ರಾಮಫೋನು ತಮ್ಮ ಅನ್ನವನ್ನು ಕಸಿಯುತ್ತಿದೆಯೆಂದು ಅಮೆರಿಕದ ವಾದ್ಯಗಾರರ ಸಂಘವು 1942ರ ಆಗಸ್ಟ್ 1ರಿಂದ ಎರಡು ವರ್ಷಕ್ಕೂ ಮಿಕ್ಕಿ ಧ್ವನಿಮುದ್ರಣವನ್ನು ಬಹಿಷ್ಕರಿಸಿತು; 1948ರಲ್ಲಿ ಮತ್ತೊಮ್ಮೆ ಹೋರಾಡಿತು. ಆ ಹೋರಾಟದ ಫಲವಾಗಿ ಮುದ್ರಿಕೆಯ ಕಂಪನಿಗಳ ಹಣದಿಂದ ಒಂದು ನಿಧಿ ಸ್ಥಾಪಿತವಾಯಿತು. ವಾದ್ಯಗಾರರಿಗೆ ಅದರಿಂದ ಸಂಭಾವನೆ ಸಂದು, ಉದ್ಯಾನ, ಆಸ್ಪತ್ರೆಗಳಲ್ಲಿ ಜನರಿಗೆ ಉಚಿತ ಸಂಗೀತ ದೊರೆಯಿತು. ಯಂತ್ರವು ಒಬ್ಬೊಬ್ಬನ ಕಿವಿಯನ್ನು ತಣಿಸಬಲ್ಲುದು. ಊರನ್ನು ಒಂದೆಡೆ ಕೂಡಿಸಲಾರದು.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಎಂಟು ಮೂಲೆಯ ವಾದ್ಯಮಂಟಪವು ಇಂದಿಗೂ ನಿಂತಿದೆ. ಆದರೆ ವರ್ಷದ ಬಹುಪಾಲು ಸಂಜೆಗಳಲ್ಲಿ ಮೌನವಾಗಿಯೇ ಇರುತ್ತದೆ. ಮೈಸೂರು ಅರಮನೆಯ ಪರಂಪರೆಯನ್ನು ಉಳಿಸಿಕೊಂಡು ಬಂದಿರುವ ಪೊಲೀಸ್ ಬ್ಯಾಂಡನ್ನು ಜನರು ದಸರೆಯಲ್ಲಿ ಕೇಳಿ ಹಿಗ್ಗುತ್ತಾರೆ. ಮದುವೆಯ ಕಾಲ ಕಳೆದರೆ ಕೆಲಸವಿಲ್ಲದೆ ಕೂರುವ ವಾಲಗದವರೂ ಬ್ಯಾಂಡಿನವರೂ ಊರೂರಿನಲ್ಲಿದ್ದಾರೆ. ಇಲ್ಲದಿರುವುದು ವ್ಯವಸ್ಥೆಯೊಂದೇ.

ರಸ್ತೆ, ನೀರು, ಚರಂಡಿಗಳೇ ಮೊದಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾರಕ್ಕೊಂದು ಸಂಜೆಯ ದೀಪ, ಜಮಖಾನೆ ಮತ್ತು ಸಂಭಾವನೆಗಳಿಂದ ಯಾವ ನಗರಸಭೆಯ ಬೊಕ್ಕಸವೂ ಬರಿದಾಗದು. ನಗರಸಭೆಯು ಅರ್ಧವನ್ನು ಕೊಡಲಿ. ಉಳಿದರ್ಧವನ್ನು ವರ್ತಕರೂ ಪೌರರೂ ಹನಿ ಹನಿಯಾಗಿ ಕೂಡಿಸಲಿ. ವಾದ್ಯಗಾರನಿಗೆ ಮಾಲೆಯ ಬದಲು ನ್ಯಾಯವಾದ ಸಂಭಾವನೆ ಸಲ್ಲಲಿ. ಅಧಿಕಾರಿಗಳಲ್ಲಿ ನಮ್ಮದೊಂದು ವಿಶೇಷ ವಿಜ್ಞಾಪನೆ: ಅಲ್ಲಿ ಭಾಷಣ ಬೇಡ, ಮೀಸಲು ಕುರ್ಚಿ ಬೇಡ. ಸಕುಟುಂಬವಾಗಿ ಬಂದು ಹುಲ್ಲಿನ ಮೇಲೆ ಕುಳಿತು ಕೇಳಿದರೆ ಸಾಕು. ಬರುವ ಬೇಸಗೆಯೊಳಗೆ ಒಂದು ನಗರಸಭೆಯಾದರೂ ಇದನ್ನು ಆರಂಭಿಸಿ ಉಳಿದವುಗಳಿಗೆ ಮೇಲ್ಪಂಕ್ತಿ ಹಾಕಲಿ.