ಜೊನ್ನಗಿರಿಯ ಚಿನ್ನ: ನೆಲದಡಿಯ ಎಳೆ, ನೆಲದ ಮೇಲಿನ ಲೆಕ್ಕ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಸುತ್ತಿನ ಹೊಲಗಳಲ್ಲಿ ಜನರು ತಲೆ ಬಗ್ಗಿಸಿ ವಜ್ರ ಹುಡುಕುವುದು ನಮ್ಮ ಸೀಮೆಯವರಿಗೆ ಹೊಸ ನೋಟವಲ್ಲ. ಆದೋನಿ, ಆಲೂರುಗಳಿರುವ ಜಿಲ್ಲೆಯಲ್ಲೇ ಇರುವ ಆ ನೆಲ ಈಗ ಚಿನ್ನದ ಕಾರಣಕ್ಕೆ ಸುದ್ದಿಯಲ್ಲಿದೆ. ಜಿಯೋಮೈಸೂರು ಸರ್ವಿಸಸ್ ಸಂಸ್ಥೆ ಕೈಗೊಂಡಿರುವ, ಡೆಕ್ಕನ್ ಗೋಲ್ಡ್ ಮೈನ್ಸ್ ಪಾಲು ಹೊಂದಿರುವ ಇಲ್ಲಿನ ಗಣಿ ಪೂರ್ಣ ಪ್ರಮಾಣದಲ್ಲಿ ನಡೆದರೆ ವರ್ಷಕ್ಕೆ ಸುಮಾರು 750 ಕಿಲೋ ಚಿನ್ನ ದೊರೆಯುವುದೆಂಬುದು ಪ್ರಕಟಿತ ಗುರಿ. ಈ ಸಂಖ್ಯೆಗೆ ಹಿಗ್ಗುವ ಅಥವಾ ಹೆದರುವ ಮುನ್ನ, ಆ ಚಿನ್ನ ಎಲ್ಲಿದೆ, ಹೇಗಿದೆ ಎಂಬುದನ್ನು ನಾವು ಅರಿಯಬೇಕು.

ಕೋಲಾರ, ಹಟ್ಟಿ, ರಾಮಗಿರಿ, ಜೊನ್ನಗಿರಿ ಇವೆಲ್ಲ ಧಾರವಾಡ ಶಿಲಾಸಮೂಹದ ಪಟ್ಟಿಗಳು. ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ ರೂಪುಗೊಂಡ ಈ ಬಂಡೆಗಳು ಒತ್ತಡಕ್ಕೆ ಸಿಲುಕಿ ಬಿರಿದಾಗ, ಆಳದಿಂದ ಗಂಧಕಯುಕ್ತ ಬಿಸಿ ದ್ರವ ಆ ಬಿರುಕುಗಳಲ್ಲಿ ಮೇಲೇರಿತು. ಒತ್ತಡ ಕುಸಿದಲ್ಲಿ, ದ್ರವದೊಳಗಿನ ಗಂಧಕವು ಸುತ್ತಲ ಬಂಡೆಯ ಕಬ್ಬಿಣದೊಡನೆ ಕೂಡಿದಲ್ಲಿ, ಕರಗಿದ್ದ ಚಿನ್ನ ಹೊರಬಿದ್ದು ಬೆಣಚುಕಲ್ಲಿನ ಎಳೆಗಳಲ್ಲಿಯೂ ಅವುಗಳ ಅಂಚಿನಲ್ಲಿಯೂ ನೆಲೆನಿಂತಿತು. ಈ ಚಿನ್ನದೊಡನೆ ಒಂದಿಷ್ಟು ಬೆಳ್ಳಿಯೂ ಬೆರೆತಿರುತ್ತದೆ. ಕೋಲಾರದಲ್ಲಿ ಸಿರಿವಂತ ಎಳೆಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಇಳಿದಿದ್ದವು. ಜೊನ್ನಗಿರಿಯ ಬಗೆ ಬೇರೆ: ಇಲ್ಲಿ ಚಿನ್ನವು ನಲುಗಿದ ಗ್ರಾನೈಟ್ ಜಾತಿಯ ಬಂಡೆಯಲ್ಲಿ ತೆಳುವಾಗಿ ಹರಡಿಕೊಂಡಿದೆ. ಆದ್ದರಿಂದಲೇ ಇದು ಸುರಂಗವಲ್ಲ, ಬಯಲು ಗಣಿ.

ಹುಡುಕಾಟದ ಚರಿತ್ರೆ ಮಾತ್ರ ಬಲು ಉದ್ದವಾದುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಸುವರ್ಣಗಿರಿಯ ರಾಜಕುಮಾರನನ್ನೂ ಮಹಾಮಾತ್ರರನ್ನೂ ಹೆಸರಿಸುತ್ತದೆ. ಆ ಸುವರ್ಣಗಿರಿ ಜೊನ್ನಗಿರಿಯೇ ಎಂದು ಕೆಲವು ವಿದ್ವಾಂಸರು, ಮಸ್ಕಿ ಅಥವಾ ಕನಕಗಿರಿ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಜೊನ್ನಗಿರಿಯ ಮಗ್ಗುಲಿನ ಎರ್ರಗುಡಿಯಲ್ಲಿಯೂ ಅಶೋಕನ ಶಾಸನಗಳಿವೆ. ಅವುಗಳನ್ನು 1929ರಲ್ಲಿ ಗುರುತಿಸಿದವರು ಒಬ್ಬ ಭೂವಿಜ್ಞಾನಿ ಎಂಬುದು ಸ್ವಾರಸ್ಯಕರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು 1990ರ ದಶಕದಲ್ಲಿ ಇಲ್ಲಿ ಶೋಧ ನಡೆಸಿತು. ಗಣಿ ಗುತ್ತಿಗೆ ದೊರೆತದ್ದು 2013ರಲ್ಲಿ. ಶೋಧಕ್ಕೂ ಉತ್ಪಾದನೆಗೂ ನಡುವೆ ಹೀಗೆ ದಶಕಗಳೇ ಉರುಳಿವೆ.

ಇನ್ನು ಲೆಕ್ಕಕ್ಕೆ ಬರೋಣ. ಟನ್ ಅದಿರಿಗೆ ಒಂದೂವರೆ ಗ್ರಾಂ ಚಿನ್ನ ಕೈಸೇರುವುದೆಂದು ಇಟ್ಟುಕೊಂಡರೂ 750 ಕಿಲೋ ಪಡೆಯಲು ವರ್ಷಕ್ಕೆ ಐದು ಲಕ್ಷ ಟನ್ ಅದಿರನ್ನು ಪುಡಿಮಾಡಬೇಕು. ಅದಿರಿನ ಮೇಲಿನ ಬರಿಗಲ್ಲು ಬೇರೆ. ವರ್ಷಕ್ಕೆ ಏಳೆಂಟುನೂರು ಟನ್ ಚಿನ್ನ ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ಸಾವಿರದಲ್ಲೊಂದು ಪಾಲು. ಆದರೆ ಐದು ಲಕ್ಷ ಟನ್ ಪುಡಿ ಉಳಿಯುವುದು ದೇಶದಲ್ಲೆಲ್ಲ ಅಲ್ಲ, ಆ ನಾಲ್ಕಾರು ಹಳ್ಳಿಗಳ ನಡುವೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ ದೂಳು ಊರಿನ ಮೇಲೆ ಬೀಸುತ್ತಲೇ ಇತ್ತು. ನಮ್ಮ ಮಡಕಶಿರೆಯ ಜಿಲ್ಲೆಯಲ್ಲೇ ಇರುವ ರಾಮಗಿರಿಯ ಗಣಿ ಅದೇ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಅಧೀನದಲ್ಲಿತ್ತು. ಅದಕ್ಕೂ ಬೀಗ ಬಿತ್ತು. ಗಣಿಗೆ ಆಯುಷ್ಯವಿದೆ, ಊರಿಗೆ ಅದಕ್ಕಿಂತ ದೀರ್ಘವಾದ ಆಯುಷ್ಯವಿದೆ. ಬರಸೀಮೆಯಲ್ಲಿ ಗಣಿ ಎಷ್ಟು ನೀರು ಬಳಸುತ್ತದೆ, ಗಣಿ ಮುಚ್ಚಿದ ಬಳಿಕ ಆ ಪುಡಿಯನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗಳು ಅಭಿವೃದ್ಧಿಯ ವಿರೋಧವಲ್ಲ, ಅದರ ಮೊದಲ ಷರತ್ತು.

ಕಾನೂನು ಇದಕ್ಕೆ ಒಂದು ದಾರಿಯನ್ನು ತೆರೆದಿದೆ. 2015ರ ತಿದ್ದುಪಡಿಯಂತೆ ಪ್ರತಿ ಗಣಿಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಹಳೆಯ ಗುತ್ತಿಗೆದಾರರು ರಾಯಧನದ ಜೊತೆಗೆ ಅದರ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಆ ಹಣ ಮೊದಲು ಸಲ್ಲಬೇಕಾದದ್ದು ಬಾಧಿತ ಗ್ರಾಮಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ. ಬಂದುದೆಷ್ಟು, ವೆಚ್ಚವಾದುದೆಲ್ಲಿ ಎಂದು ಕೇಳುವ ಅಧಿಕಾರ ಜಿಲ್ಲೆಯ ಪ್ರತಿ ಪ್ರಜೆಗೂ ಇದೆ.

ನಮಗೆ ಇಲ್ಲಿ ಇನ್ನೊಂದು ಮಾತು ಉಂಟು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲುಳಿದಂದಿನಿಂದ ಸರ್ಕಾರದ ಕಾಗದ ನಮ್ಮ ಹಿರಿಯರಿಗೆ ಪರರು ಓದಿ ಹೇಳಬೇಕಾದ ವಸ್ತುವಾಯಿತು. ಗಣಿಯ ವಿಷಯದಲ್ಲಿ ಇದು ಕೇವಲ ಭಾಷಾಭಿಮಾನದ ಪ್ರಶ್ನೆಯಲ್ಲ. ನೆಲ, ನೀರುಗಳ ಅಹವಾಲು ಆಲಿಸುವ ಸಭೆಯ ಪ್ರಕಟಣೆ ಅರ್ಥವಾಗದಿದ್ದರೆ ಆಕ್ಷೇಪಣೆಯ ಅವಧಿ ಮೌನದಲ್ಲೇ ಮುಗಿಯುತ್ತದೆ. ಅಲ್ಪಸಂಖ್ಯಾತ ಭಾಷಿಕರು ಶೇ. 15ಕ್ಕೂ ಹೆಚ್ಚಿರುವ ಪ್ರದೇಶದಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಡಬೇಕೆಂಬುದು ಒಪ್ಪಿತವಾದ ರಾಷ್ಟ್ರೀಯ ನೀತಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಈ ಪಟ್ಟಿಯ ಶೋಧ ಇಲ್ಲಿಗೇ ನಿಲ್ಲುವಂಥದಲ್ಲ; ನಾಳೆ ಯಂತ್ರಗಳು ನಮ್ಮ ಹೊಲದ ಬದುವಿಗೂ ಬರಬಹುದು. ಅಂದು ಕನ್ನಡದಲ್ಲಿ ಕೇಳಲು ನಾವು ಇಂದೇ ಕನ್ನಡದಲ್ಲಿ ಅರ್ಜಿ ಬರೆಯುವ ರೂಢಿ ಮಾಡಿಕೊಳ್ಳಬೇಕು.