ಅಭಯದಾನದ ಬೆಲೆ ತೆರುವವರು ಯಾರು?

ಅಜಿತನಾಥ ತೀರ್ಥಂಕರರ ಲಾಂಛನ ಆನೆ, ಅಭಿನಂದನನಾಥರದು ಕಪಿ, ವಿಮಲನಾಥರದು ವರಾಹ, ಶಾಂತಿನಾಥರದು ಜಿಂಕೆ. ಬಸದಿಯಲ್ಲಿ ಜಿನಬಿಂಬದ ಪೀಠದ ಮೇಲೆ ನಾವು ಭಕ್ತಿಯಿಂದ ಕಾಣುವ ಈ ಜೀವಿಗಳೇ ಇಂದು ಮಲೆನಾಡಿನ ಕೃಷಿಕನ ನಿದ್ದೆಗೆಡಿಸಿವೆ. ಸಕಲೇಶಪುರ, ಆಲೂರುಗಳ ಕಡೆ ಆನೆಗಳು ಗದ್ದೆ, ಕಾಫಿ ತೋಟಗಳನ್ನು ತುಳಿಯುತ್ತವೆ. ಹೊಸನಗರ, ತೀರ್ಥಹಳ್ಳಿಗಳ ತೋಟಗಳಲ್ಲಿ ಮಂಗಗಳು ಎಳೆಯ ಅಡಿಕೆಯನ್ನು ಕಿತ್ತು, ರಸ ಹೀರಿ ಬಿಸುಡುತ್ತವೆ. ಕಾಡುಹಂದಿಗಳ ಹಿಂಡು ಒಂದು ರಾತ್ರಿ ನುಗ್ಗಿತೆಂದರೆ ತೆನೆಗಟ್ಟಿದ ಹೊಲದಲ್ಲಿ ಬೆಳಗ್ಗೆ ಉಳಿಯುವುದು ಮಗುಚಿದ ಮಣ್ಣು ಮಾತ್ರ.

ಅಸಿ, ಮಸಿಗಳೊಡನೆ ಕೃಷಿಯನ್ನೂ ಲೋಕಕ್ಕೆ ಕಲಿಸಿದವರು ಆದಿನಾಥ ಸ್ವಾಮಿ. ಬೆಳಗಾವಿ ಸೀಮೆಯಲ್ಲಿ, ಹೊಂಬುಜ, ಕಾರ್ಕಳಗಳ ಆಸುಪಾಸಿನಲ್ಲಿ ಇಂದಿಗೂ ನೇಗಿಲನ್ನೇ ನಂಬಿದ ಶ್ರಾವಕ ಮನೆತನಗಳಿವೆ. ಆದುದರಿಂದ ಬೆಳೆಯೋ ಪ್ರಾಣಿಯೋ ಎಂಬ ಪ್ರಶ್ನೆ ನಮಗೆ ಹೊರಗಿನದಲ್ಲ.

ಗೃಹಸ್ಥನ ಮಟ್ಟಿಗೆ ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಉಳುವಾಗ ಮಣ್ಣಿನ ಜೀವಿಗಳಿಗಾಗುವ ನೋವು ಉದ್ಯೋಗಿ ಹಿಂಸೆ. ಆತ್ಮರಕ್ಷಣೆಯಲ್ಲಿ ಒದಗುವುದು ವಿರೋಧಿ ಹಿಂಸೆ. ಇವನ್ನು ಶ್ರಾವಕನು ಯತ್ನಾಚಾರದಿಂದ ಕಡಿಮೆ ಮಾಡಬೇಕು. ಸಂಕಲ್ಪಪೂರ್ವಕ ಹಿಂಸೆಯನ್ನು ಮಾತ್ರ ಪೂರ್ಣವಾಗಿ ಬಿಡಬೇಕು. ತಮಟೆ ಬಡಿದು, ಅಟ್ಟಣೆಯ ಮೇಲೆ ಕುಳಿತು ಕೂಗಿ, ಕಂದಕ ತೋಡಿ ಬೆಳೆ ಕಾಯುವವನು ವ್ರತಭಂಗ ಮಾಡಿದನೆಂದು ಯಾರೂ ಹೇಳಲಾರರು. ಆದರೆ ಹಣ್ಣಿನೊಳಗೆ ಸಿಡಿಮದ್ದು ಹುದುಗಿಸುವುದು, ಬೇಲಿಗೆ ನೇರವಾಗಿ ವಿದ್ಯುತ್ತನ್ನು ಹರಿಸಿ ಮಲಗುವುದು ರಕ್ಷಣೆಯಲ್ಲ. ಅಲ್ಲಿ ಕೊಲ್ಲುವ ನಿಶ್ಚಯ ಸಂಜೆಯೇ ಆಗಿರುತ್ತದೆ. ಆ ತಂತಿಗೆ ಹಂದಿ ಯಾವುದು, ನೀರು ಕಟ್ಟಲು ಬಂದ ನೆರೆಯವನು ಯಾರು ಎಂಬ ಭೇದ ತಿಳಿಯದು. ಸೌರಬೇಲಿಯ ಮಾತು ಬೇರೆ: ಅದು ಕ್ಷಣಮಾತ್ರದ ಮಿಡಿತದಿಂದ ಬೆದರಿಸಿ ಹಿಂದಕ್ಕಟ್ಟುತ್ತದೆ.

ಮಂಗಗಳನ್ನು ಹಿಡಿಸಿ, ಬೋನಿನಲ್ಲಿ ತುಂಬಿ, ದೂರದ ಘಟ್ಟದಲ್ಲಿ ಬಿಟ್ಟುಬರುವುದನ್ನು ಅನೇಕರು ಅಹಿಂಸೆಯೆಂದೇ ತಿಳಿದಿದ್ದಾರೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಬಂಧನ, ಕೊನೆಯದು ಅನ್ನಪಾನ ನಿರೋಧ. ಬೋನಿನಲ್ಲಿ ಕೂಡಿದ್ದು ಬಂಧನವಾಯಿತು. ನೀರು ಮೇವುಗಳ ಪರಿಚಯವಿಲ್ಲದ ನೆಲೆಯಲ್ಲಿ ಬಿಟ್ಟದ್ದು ಬಹುಮಟ್ಟಿಗೆ ಅನ್ನಪಾನ ನಿರೋಧವೇ ಆಯಿತು. ಅಷ್ಟಾಗಿಯೂ ಹಾನಿ ತಪ್ಪಲಿಲ್ಲ; ನಮ್ಮ ತೋಟದ್ದು ಇನ್ನೊಬ್ಬರ ತೋಟಕ್ಕೆ ಹೋಯಿತು.

ಯಾತ್ರಿಕರಿಗೂ ಒಂದು ಮಾತು ಹೇಳಬೇಕಾಗಿದೆ. ಕ್ಷೇತ್ರದರ್ಶನಕ್ಕೆ ಹೊರಟವರು ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುತ್ತಾರೆ. ಪುಣ್ಯ ಬಂತೆಂಬ ಸಮಾಧಾನ ಅವರದು. ಹೀಗೆ ಮನುಷ್ಯನ ಕೈಯ ರುಚಿ ಕಂಡ ಹಿಂಡು ಕಾಡಿನ ಹಣ್ಣುಹಂಪಲನ್ನು ಅರಸುವ ಶ್ರಮವನ್ನು ಮರೆತು ಮನೆಯಂಗಳಕ್ಕೂ ತೋಟಕ್ಕೂ ಇಳಿಯುತ್ತದೆ. ಈ ಜೀವದಯೆಯ ಸಾಲವನ್ನು ತೀರಿಸುವವನು ಹತ್ತು ಮೈಲಿ ಆಚೆಗಿನ ರೈತ. ವಿವೇಕವಿಲ್ಲದ ದಯೆಯನ್ನು ದಯೆಯೆಂದು ಕರೆಯಲು ನನಗೆ ಮನಸ್ಸಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಪ್ರಾಣಿಗಳಿಗೆ ರಕ್ಷೆಯನ್ನು ಕೊಟ್ಟಿದೆ, ಅದು ಸರಿಯೇ. ಜೈನಧರ್ಮ ಹೇಳುವ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಇದು ಅಭಯದಾನಕ್ಕೆ ಸಮೀಪವಾದುದು. ಆದರೆ ದಾನವೆಂದರೆ ಕೊಡುವವನು ತನ್ನದನ್ನು ಕೊಡಬೇಕು. ಇಲ್ಲಿ ಅಭಯ ಘೋಷಿಸಿದವರು ನಾವೆಲ್ಲರೂ. ಕೈಬಿಟ್ಟು ಹೋಗುವುದು ಕಾಡಂಚಿನ ಒಬ್ಬನ ಬೆಳೆ. ಬೆಳೆಹಾನಿಗೆ ಸರ್ಕಾರ ಕೊಡುವ ಹಣಕ್ಕೆ ದಯಾತ್ಮಕ ಧನವೆಂಬ ಹೆಸರಿದೆ. ಹೆಸರೇನೋ ಸೊಗಸಾಗಿದೆ. ಆದರೆ ಎಲ್ಲರ ಪರವಾಗಿ ಅಹಿಂಸೆಯನ್ನು ಪಾಲಿಸಿದವನಿಗೆ ಸಲ್ಲಬೇಕಾದುದು ದಯೆಯಲ್ಲ, ಋಣಸಂದಾಯ. ನಗರದಲ್ಲಿ ಕುಳಿತು, ಸಿಟ್ಟಿನಲ್ಲಿ ಕೋವಿ ಕೇಳುವ ರೈತನನ್ನು ಕ್ರೂರಿಯೆನ್ನುವುದು ಸುಲಭ. ಅವನ ನಷ್ಟದಲ್ಲಿ ಒಂದು ಪಾಲನ್ನೂ ಹೊರದವರಿಗೆ ಆ ಮಾತಿನ ಅಧಿಕಾರವಿಲ್ಲ.

ಪಾಲು ಹೊರುವ ದಾರಿಗಳು ಇಲ್ಲದಿಲ್ಲ. ನಾಗರಹೊಳೆಯ ಅಂಚಿನಲ್ಲಿ ಆನೆ ತಡೆಗೆ ರೈಲು ಹಳಿಗಳ ಬೇಲಿ ಹಾಕಲಾಗಿದೆ. ಕೊಡಗಿನಲ್ಲಿ ಜೇನುಪೆಟ್ಟಿಗೆಗಳ ಸಾಲನ್ನೂ ಪ್ರಯೋಗಿಸಲಾಗಿದೆ. ಮಧುತ್ಯಾಗ ಮೂಲಗುಣವಾಗಿರುವ ಶ್ರಾವಕನಿಗೆ ಜೇನುಪೆಟ್ಟಿಗೆ ಒಗ್ಗದಿರಬಹುದು. ಸೌರಬೇಲಿಗೆ ಅಂತಹ ಅಡ್ಡಿಯಿಲ್ಲ. ಒಬ್ಬನೇ ಹಾಕಿದ ಬೇಲಿ ಪ್ರಾಣಿಯನ್ನು ಪಕ್ಕದವನ ಹೊಲಕ್ಕೆ ತಿರುಗಿಸುವುದರಿಂದ ಊರಿಗೆ ಊರೇ ಕೂಡಿ ಹಾಕಬೇಕು. ಅದಕ್ಕೆ ಹಣ ಬೇಕು, ಬ್ಯಾಟರಿ ನೋಡಿಕೊಳ್ಳುವ, ತಂತಿಗೆ ತಾಗುವ ಬಳ್ಳಿ ಸವರುವ ಆಳು ಬೇಕು.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ನಮ್ಮ ಬಸದಿಗಳಲ್ಲಿ ದಾನದ ಪಟ್ಟಿ ಬರೆಸುವಾಗ ಗೋಶಾಲೆಯ ಮೇವು, ಅಭಿಷೇಕ, ಅನ್ನದಾನಗಳ ಕೆಳಗೆ ಇನ್ನೊಂದು ಸಾಲು ಸೇರಲಿ: ಕಾಡಂಚಿನ ಇಂಥ ಊರಿನ ಬೇಲಿಗೆ ಮತ್ತು ಅದನ್ನು ಕಾಯುವವನ ಒಂದು ವರ್ಷದ ಸಂಬಳಕ್ಕೆ. ಆ ಊರಿನಲ್ಲಿ ಜೈನ ಮನೆ ಇರಲೇಬೇಕೆಂದಿಲ್ಲ.